ತುಪ್ಪ ರಫ್ತಿಗೆ ಹಾಸನದ ಸಲಹೆಗಾರರು: ಕೆಲಸ ಚೆನ್ನ, ಬಿಲ್ಲು ಬಿಡಿಸಿ ಕೇಳಿ

ಚನ್ನರಾಯಪಟ್ಟಣದ ಹತ್ತಿರ ನಮ್ಮದೊಂದು ಸಣ್ಣ ತುಪ್ಪದ ಘಟಕ ಇದೆ. ಸುತ್ತಲಿನ ಹಳ್ಳಿ ಮನೆಗಳಿಂದ ಹಾಲು ಕೊಂಡು, ಕೆನೆ ತೆಗೆದು, ಬೆಣ್ಣೆ ಮಾಡಿ ಕಾಯಿಸುತ್ತೇವೆ. ನ್ಯೂಜೆರ್ಸಿಯ ದಿನಸಿ ಅಂಗಡಿಯವರೊಬ್ಬರು ನಮ್ಮ ತುಪ್ಪ ಬೇಕು ಅಂದ ಮೇಲೆ ಹಾಸನದ ಬಿ.ಎಂ. ರಸ್ತೆಯಲ್ಲಿ ಕಚೇರಿ ಇಟ್ಟುಕೊಂಡಿರುವ ಒಬ್ಬ ರಫ್ತು ಸಲಹೆಗಾರರ ಬಳಿ ಹೋದೆ. ಮೊದಲ ಸರಕು ಈಗ ಅಮೆರಿಕ ಮುಟ್ಟಿದೆ. ಅವರ ಕೆಲಸದ ಬಗ್ಗೆ ನನಗೆ ಒಳ್ಳೆಯ ಮಾತೇ ಇದೆ, ಬಿಲ್ಲಿನ ಬಗ್ಗೆ ತಕರಾರಿದೆ. ಆದ್ದರಿಂದ ಹೆಸರು ಹಾಕುತ್ತಿಲ್ಲ.

ಮೊದಲು ಒಳ್ಳೆಯದು. ಕಾಗದಪತ್ರ ಕೇಳುವುದಕ್ಕೂ ಮುಂಚೆ ಅವರು ಘಟಕ ನೋಡಲು ಬಂದರು. ಡೈರಿಯ ಕ್ವಾಲಿಟಿ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಕುರ್ಚಿ ಹಾಕಿದರೂ ಕೂರದೆ ನೇರ ಕ್ಯಾನ್ ತೊಳೆಯುವ ಕಟ್ಟೆಗೆ ಹೋದರು. ತೊಳೆದ ಕ್ಯಾನ್‌ಗಳನ್ನು ಬೋರಲು ಹಾಕುವ ಜಾಗ, ನೀರಿನ ಟ್ಯಾಂಕಿನ ಮುಚ್ಚಳ, ತುಪ್ಪ ಸೋಸುವ ಬಟ್ಟೆ, ಗಾಜಿನ ಜಾಡಿ ತುಂಬುವ ಮೇಜು, ಒಂದೊಂದನ್ನೂ ನೋಡಿದರು. ಜಾಡಿ ಒಡೆದರೆ ಯಾವ ದಿನ, ಯಾವ ಮೇಜಿನ ಮೇಲೆ, ಸುತ್ತಲಿನ ಎಷ್ಟು ಜಾಡಿ ತೆಗೆದಿಟ್ಟಿರಿ ಎಂದು ಬರೆದಿಡಲು ಒಂದು ಪುಸ್ತಕ ಮಾಡಿಸಿದರು.

ಆಮೇಲೆ, "ಅಮ್ಮಾ, ಹಾಲು ಹಾಕುವವರ ಕೊಟ್ಟಿಗೆ ನೋಡೋಣ ನಡೀರಿ" ಅಂದರು. ಅವರಿಗೆ ಕೊಟ್ಟ ದುಡ್ಡು ಸಾರ್ಥಕವಾದದ್ದು ಅಲ್ಲಿ. ರಾಗಿಹುಲ್ಲಿನ ಮೆದೆ ಮಳೆಗೆ ನೆನೆದಿದೆಯಾ, ಹಿಂಡಿ ಚೀಲ ನೆಲದ ಮೇಲಿದೆಯಾ ಹಲಗೆ ಮೇಲಿದೆಯಾ, ಮುಸುಕಿನ ಜೋಳ ಒಣಗಿದೆಯಾ ಎಂದು ಮನೆಮನೆಯಲ್ಲೂ ಕೇಳಿದರು. ಬೂಷ್ಟು ಹಿಡಿದ ಮೇವಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಹಸು ಅದನ್ನು ತಿಂದರೆ ಎಂ1 ಎಂಬ ರೂಪದಲ್ಲಿ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ನಮ್ಮ ದೇಶದಲ್ಲೂ ಅಮೆರಿಕದಲ್ಲೂ ಹಾಲಿನಲ್ಲಿ ಇದರ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ, ಯುರೋಪಿನಲ್ಲಿ 0.05. ಹತ್ತು ಪಟ್ಟು ಬಿಗಿ. ಇದು ಹಾಲಿನ ಕೇಸಿನ್ ಜೊತೆ ಉಳಿಯುವುದರಿಂದ ತುಪ್ಪಕ್ಕೆ ಬರುವುದು ಬಹಳ ಕಡಿಮೆ ಎಂದು ಅವರೇ ಹೇಳಿದರು. ಆದರೆ ನಾಳೆ ಚೀಸ್ ಮಾಡಿ ಕಳಿಸುತ್ತೇನೆ ಅಂದರೆ ಅಲ್ಲಿ ಈ ವಿಷ ಸಾಂದ್ರವಾಗಿ ಕೂರುತ್ತದಂತೆ. ಹೆದರಿಸಿ ಪರೀಕ್ಷೆ ಮಾಡಿಸುವವರ ನಡುವೆ ಇಷ್ಟು ನೇರವಾಗಿ ಹೇಳುವವರು ಸಿಕ್ಕಿದ್ದು ನನಗೆ ದೊಡ್ಡದು.

ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಡಿಸಿದ ಹಸುವಿನ ಹಾಲನ್ನು ಔಷಧಿಯ ಚೀಟಿಯಲ್ಲಿ ಹೇಳಿದಷ್ಟು ದಿನ ನಮ್ಮ ಕ್ಯಾನಿಗೆ ಸುರಿಯಬಾರದು, ಆ ದಿನಗಳನ್ನು ಪುಸ್ತಕದಲ್ಲಿ ಬರೆಯಬೇಕು. ಇದನ್ನು ಅವರು ರೈತರಿಗೆ ಹೇಳಿದ ರೀತಿ ನನಗೆ ಹಿಡಿಸಿತು. ಗದರಿಸಲಿಲ್ಲ. "ಗೌಡ್ರೇ, ಆ ಹಾಲಿನ ದುಡ್ಡು ನಿಮಗೆ ನಷ್ಟ ಆಗಬಾರದು, ಅದನ್ನ ಈಯಮ್ಮನ ಹತ್ರ ಮಾತಾಡಿ" ಎಂದು ನನ್ನ ಕಡೆ ತಿರುಗಿಸಿದರು. ನಾವೀಗ ಆ ದಿನಗಳಿಗೆ ಅರ್ಧ ಬೆಲೆ ಕಟ್ಟಿಕೊಡುತ್ತೇವೆ. ಮುಚ್ಚಿಡುವುದು ನಿಂತಿದೆ.

ಹತ್ತಿಕಾಳು ಹಿಂಡಿಯ ವಿಷಯವೂ ಅಲ್ಲೇ ಬಂತು. ಅದನ್ನು ಹೆಚ್ಚು ತಿಂದ ಹಸುವಿನ ತುಪ್ಪದಲ್ಲಿ ಆರ್‌ಎಂ ಮೌಲ್ಯ (ತುಪ್ಪದ ಕೊಬ್ಬಿನಲ್ಲಿರುವ ಆವಿಯಾಗುವ ಆಮ್ಲಗಳ ಅಳತೆ) ಇಳಿಯುತ್ತದೆ. ಲ್ಯಾಬಿನವರು ಕಲಬೆರಕೆ ಪತ್ತೆಗೆ ನೋಡುವ ಅಂಕಿಗಳಲ್ಲಿ ಅದೂ ಒಂದು, ಹಾಗಾಗಿ ಶುದ್ಧ ತುಪ್ಪವೂ ಅನುಮಾನಕ್ಕೆ ಸಿಕ್ಕಬಹುದು. ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸಿ ಒಪ್ಪುವ ಮಂಡಳಿ) ಮಾನ್ಯತೆಯ ಲ್ಯಾಬಿನಲ್ಲೇ ಪರೀಕ್ಷೆ ಮಾಡಿಸಿದೆವು. ತೇವಾಂಶ 0.5 ಶೇಕಡಾ ದಾಟಬಾರದು, ನಮ್ಮದು ಅದಕ್ಕಿಂತ ಕೆಳಗಿತ್ತು.

ಇನ್ನೊಂದು ದಿನ ಬಂದು ಕಪಾಟಿನಿಂದ ಒಂದು ಜಾಡಿ ಕೈಗೆತ್ತಿಕೊಂಡು, "ಇದು ಯಾರ ಮನೆ ಹಾಲು?" ಎಂದು ಕೇಳಿದರು. ಬ್ಯಾಚ್ ನಂಬರಿನಿಂದ ಕಾಯಿಸಿದ ದಿನ, ಅಲ್ಲಿಂದ ಬೆಣ್ಣೆ, ಅಲ್ಲಿಂದ ಹಾಲಿನ ಪಟ್ಟಿ, ಹೀಗೆ ಹಿಂದಕ್ಕೆ ಹೋಗಿ ಹೆಸರುಗಳನ್ನು ತೆಗೆದುಕೊಟ್ಟೆವು. ಅಮೆರಿಕದ ನಿಯಮದಲ್ಲಿ ಹೊರದೇಶದ ತಯಾರಕರನ್ನು ಪರಿಶೀಲಿಸುವ ಹೊಣೆ ಆಮದುದಾರರ ತಲೆ ಮೇಲಿದೆ. ಆದ್ದರಿಂದ ನ್ಯೂಜೆರ್ಸಿಯವರು ಕೇಳಿದ್ದೂ ಇದನ್ನೇ. ನಮ್ಮ ಹ್ಯಾಸಪ್ ಯೋಜನೆ (ಎಲ್ಲೆಲ್ಲಿ ಅಪಾಯ ಬರಬಹುದು, ಹೇಗೆ ತಡೆಯುತ್ತೇವೆ ಎಂಬ ಬರಹ), ಲ್ಯಾಬ್ ವರದಿ, ಈ ಪಟ್ಟಿ ಮೂರನ್ನೂ ಕಳಿಸಿದ ಮೇಲೆ ಅವರ ಪ್ರಶ್ನೆಗಳು ನಿಂತವು.

ತುಪ್ಪವನ್ನೇ ಹಿಡಿಯಿರಿ, ಖೋವಾ ಬೇಡ ಅಂದದ್ದೂ ಒಳ್ಳೆಯ ಸಲಹೆ. ಕಾಲುಬಾಯಿ ಜ್ವರ ಇರುವ ದೇಶಗಳ ಹಾಲಿನ ಪದಾರ್ಥಗಳಿಗೆ ಅಮೆರಿಕದ ಕೃಷಿ ಇಲಾಖೆ ಕಟ್ಟುಪಾಡು ಹಾಕಿದೆ. ಬೆಣ್ಣೆಗೆ, ಬೆಣ್ಣೆ ಎಣ್ಣೆಗೆ (ತುಪ್ಪದಂಥ ನೀರಿಲ್ಲದ ಬೆಣ್ಣೆ ಕೊಬ್ಬು) ಅದರಲ್ಲಿ ವಿನಾಯಿತಿ ಇದೆ. ಲೇಬಲ್‌ನಲ್ಲೂ ಅವರ ಕೈ ಒಳ್ಳೆಯದು. ನಿವ್ವಳ ತೂಕ ಗ್ರಾಂ, ಔನ್ಸ್ ಎರಡರಲ್ಲೂ, ಪೋಷಕಾಂಶದ ಪಟ್ಟಿ ಅಮೆರಿಕದ ನಮೂನೆಯಲ್ಲಿ, ಒಂದು ಸಲದ ಪ್ರಮಾಣ ಒಂದು ಟೇಬಲ್ ಚಮಚ, ಹಾಲು ಇದೆ ಎಂಬ ಅಲರ್ಜಿ ಸೂಚನೆ, ಭಾರತದಲ್ಲಿ ತಯಾರಾದದ್ದು ಎಂಬ ಸಾಲು. ಅಚ್ಚಿಗೆ ಕೊಡುವ ಮುಂಚೆ ಆಮದುದಾರರಿಂದ ಒಪ್ಪಿಗೆ ಪಡೆಯಿಸಿದರು.

ಈಗ ಬಿಲ್ಲು. ಎಲ್ಲ ಸೇರಿಸಿ ಒಂದೇ ಮೊತ್ತ ಬರೆದಿದ್ದರು, ಅದರಲ್ಲಿ "ನೋಂದಣಿ ವೆಚ್ಚ" ಎಂಬ ದೊಡ್ಡ ಸಾಲು. ಬಿಡಿಸಿ ಕೊಡಿ ಅಂದಾಗ ತಡಮಾಡಿದರು. ಐಇಸಿ (ಆಮದು-ರಫ್ತು) ಕೋಡ್‌ಗೆ ಸರ್ಕಾರದ ಶುಲ್ಕ 500 ರೂಪಾಯಿ, ಪ್ಯಾನ್ ಇದ್ದರೆ ಮನೆಯಲ್ಲೇ ಕೂತು ಮಾಡಬಹುದು. ಹಾಲಿನ ಪದಾರ್ಥ ಅಪೆಡಾ (ಕೃಷಿ, ಆಹಾರ ರಫ್ತು ನೋಡುವ ಕೇಂದ್ರ ಸಂಸ್ಥೆ) ವ್ಯಾಪ್ತಿಗೆ ಬರುತ್ತದೆ, ಅವರ ನೋಂದಣಿ ಪತ್ರಕ್ಕೆ 5,000 ರೂಪಾಯಿ ಮತ್ತು ಜಿಎಸ್‌ಟಿ. ಐಜಿಎಸ್‌ಟಿ ಕಟ್ಟದೆ ಕಳಿಸಲು ಕೊಡುವ ಮುಚ್ಚಳಿಕೆ ಪತ್ರವಾದ ಎಲ್‌ಯುಟಿಯನ್ನು ನಮ್ಮ ಲೆಕ್ಕಪತ್ರ ನೋಡುವ ಹುಡುಗನೇ ಹಾಕಿದ. ಅಮೆರಿಕದ ಎಫ್‌ಡಿಎಯಲ್ಲಿ (ಅಲ್ಲಿನ ಆಹಾರ, ಔಷಧ ಇಲಾಖೆ) ಘಟಕದ ನೋಂದಣಿಗೆ ಶುಲ್ಕವೇ ಇಲ್ಲ. ಅಲ್ಲಿ ಒಬ್ಬ ಏಜೆಂಟ್ ಇರಬೇಕು, ಸಮಸಂಖ್ಯೆಯ ವರ್ಷಗಳ ಅಕ್ಟೋಬರ್ 1ರಿಂದ ಡಿಸೆಂಬರ್ 31ರೊಳಗೆ ನವೀಕರಿಸಬೇಕು, ಅಷ್ಟೆ. ಬೆಂಗಳೂರಿನಿಂದ ಫೋನ್ ಮಾಡಿದ ಬೇರೊಬ್ಬರು ಚಿನ್ನದ ಅಂಚಿನ "ಎಫ್‌ಡಿಎ ಸರ್ಟಿಫಿಕೇಟ್" ಕೊಡಿಸುತ್ತೇವೆ ಎಂದು ದುಡ್ಡು ಕೇಳಿದ್ದರು. ಎಫ್‌ಡಿಎ ಅಂಥ ಸರ್ಟಿಫಿಕೇಟನ್ನೇ ಕೊಡುವುದಿಲ್ಲ. ಹಳ್ಳಿಯಿಂದ ಬಂದ ಹೆಣ್ಣುಮಕ್ಕಳ ಸಂಘಗಳು ಇಂಥದಕ್ಕೆ ಸಾಲ ಮಾಡಿ ದುಡ್ಡು ಕಟ್ಟುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ನಮ್ಮ ಸಲಹೆಗಾರರು ಕೊನೆಗೆ ಬಿಲ್ಲು ಬಿಡಿಸಿ, ಮೊತ್ತ ಇಳಿಸಿ ಕೊಟ್ಟರು. ಆದರೆ ನಾನು ಕೇಳಿದ್ದಕ್ಕೆ ಕೊಟ್ಟರು. ಕೇಳದವರಿಗೂ ಹಾಗೇ ಕೊಡಬೇಕು.

ಸಾಗಣೆ ಅವರ ಕೆಲಸವಲ್ಲ. ವೈಟ್‌ಫೀಲ್ಡ್ ಐಸಿಡಿಯಿಂದ (ಕಂಟೇನರ್ ಸರಕಿನ ಒಳನಾಡು ಡಿಪೋ) ಮುಂದಕ್ಕೆ ಬೇರೆ ಏಜೆನ್ಸಿ ನೋಡಿಕೊಂಡಿತು. ಹಡಗು ಮುಟ್ಟುವ ಕನಿಷ್ಠ ಎಂಟು ಗಂಟೆ ಮುಂಚೆ ಎಫ್‌ಡಿಎಗೆ ಕೊಡಬೇಕಾದ ಮುನ್ಸೂಚನೆಯನ್ನೂ ಆ ಏಜೆನ್ಸಿಯವರೇ ಸಲ್ಲಿಸಿದರು.

ಗಲ್ಫ್‌ಗೆ ಕಳಿಸುವ ಯೋಚನೆ ಇರುವವರಿಗೆ ಈ ಸಲಹೆಗಾರರು ಸಾಲುವುದಿಲ್ಲ. ಅರೇಬಿಕ್ ಲೇಬಲ್, ಹಲಾಲ್ ಪತ್ರದ ವಿಚಾರ ಕೇಳಿದರೆ "ಆ ಕಡೆ ನನಗೆ ಅನುಭವ ಕಡಿಮೆ" ಎಂದು ತಾವೇ ಹೇಳುತ್ತಾರೆ. ತುಪ್ಪ ಮಾಡುವವರು ಹೋಗಬಹುದು. ಘಟಕ ನೋಡುವುದಕ್ಕೆ, ಕೊಟ್ಟಿಗೆ ಸುತ್ತುವುದಕ್ಕೆ, ಲೇಬಲ್‌ಗೆ ಬೇರೆ ಬೇರೆ ದರ ಬರೆಸಿಕೊಂಡು, ನೋಂದಣಿಗಳನ್ನು ನಿಮ್ಮ ಕೈಲೇ ಇಟ್ಟುಕೊಳ್ಳಿ. ಐದಕ್ಕೆ ನಾಲ್ಕು ಕೊಡುತ್ತೇನೆ.