ಹಿಡಿದುಕೊಂಡ ಬ್ರೇಕ್ ಬಿಡಿಸಿಕೊಟ್ಟ ಕಾರವಾರದ ಗ್ಯಾರೇಜು

ಮಳೆಗಾಲ ಮುಗಿದ ಮೇಲೆ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆ ತಲುಪಿದಾಗ ನಮ್ಮ ಹಳೆಯ ಮಾರುತಿ ಝೆನ್ ಕಾರಿನ ಮುಂದಿನ ಎಡಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು. ಮೊದಲು ತೋರಿಸಿದ ಕಡೆ ಚಕ್ರವನ್ನೂ ಬಿಚ್ಚದೆ ಮುಂದಿನ ಎರಡೂ ಕ್ಯಾಲಿಪರ್ (ಚಕ್ರದ ಡಿಸ್ಕನ್ನು ಪ್ಯಾಡುಗಳಿಂದ ಅಮುಕಿ ಹಿಡಿಯುವ ಬ್ರೇಕಿನ ಭಾಗ) ಹೊಸದು ಹಾಕಬೇಕೆಂದರು. ಒಪ್ಪದೆ ಕಾರವಾರದ ಒಂದು ಸಣ್ಣ ಗ್ಯಾರೇಜಿಗೆ ಒಯ್ದೆ.

ಅಲ್ಲಿನ ಮೇಸ್ತ್ರಿಗಳು ಗಾಡಿಯನ್ನು ಜಾಕ್ ಮೇಲೆ ಎತ್ತಿ, ಚಕ್ರ ಕೈಗೆ ತಿರುಗದಿರುವುದನ್ನು ನೋಡಿ, ಕ್ಯಾಲಿಪರಿನಿಂದ ಬ್ರೇಕ್ ಆಯಿಲ್ ಹೊರಬಿಡುವ ಸಣ್ಣ ತಿರುಪು, ಅಂದರೆ ಬ್ಲೀಡರ್ ನಿಪ್ಪಲ್ ಸಡಿಲಿಸಿದರು. ಒತ್ತಡ ಇಳಿದೊಡನೆ ಚಕ್ರ ಬಿಟ್ಟಿದ್ದರೆ ದೋಷವನ್ನು ಆಯಿಲ್ ಹರಿಯುವ ಬ್ರೇಕ್ ಹೋಸಿನಲ್ಲೋ, ಪೆಡಲ್ ಒತ್ತಿದಾಗ ಆಯಿಲಿಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರಿನಲ್ಲೋ ಹುಡುಕಬೇಕಿತ್ತು. ಚಕ್ರ ಬಿಡಲಿಲ್ಲ, ಆದ್ದರಿಂದ ಕ್ಯಾಲಿಪರ್ ಬಿಚ್ಚಿದರು. ಈ ಒಂದು ಪರೀಕ್ಷೆಯಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು.

ಕ್ಯಾಲಿಪರ್ ಅತ್ತಿತ್ತ ಜಾರಲು ಆಧಾರವಾಗುವ ಗೈಡ್ ಪಿನ್ನುಗಳಲ್ಲಿ ಕೆಳಗಿನದು ತುಕ್ಕು ಹಿಡಿದು ಅಲುಗದಂತಾಗಿತ್ತು. ಪ್ಯಾಡನ್ನು ಒತ್ತುವ ಪಿಸ್ಟನ್ನಿಗೆ ಧೂಳು ತಾಗದಂತೆ ಮುಚ್ಚುವ ಡಸ್ಟ್ ಬೂಟ್ ಹರಿದು, ಕಡಲ ಗಾಳಿಯ ಉಪ್ಪು ಮತ್ತು ಮಳೆನೀರು ಒಳಸೇರಿ, ಪಿಸ್ಟನ್ನಿನ ಹೊರತುದಿಯಲ್ಲಿ ತುಕ್ಕಿನ ಉಂಗುರವೇ ಕಟ್ಟಿತ್ತು. ಪೆಡಲ್ ಒತ್ತಿದಾಗ ಪಿಸ್ಟನ್ನಿನೊಂದಿಗೆ ತುಸು ಬಾಗುವ ಚೌಕ ಅಂಚಿನ ರಬ್ಬರ್ ಸೀಲು, ಪೆಡಲ್ ಬಿಟ್ಟಾಗ ತನ್ನ ಮೊದಲ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತದೆ; ಈ ಕೆಲಸಕ್ಕೆ ಅಲ್ಲಿ ಬೇರೆ ಸ್ಪ್ರಿಂಗ್ ಇಲ್ಲ. ಸೀಲು ಕೂರುವ ತೋಡಿನಲ್ಲಿ ಕಿಟ್ಟ ಗಟ್ಟಿಯಾದರೆ ಅದಕ್ಕೆ ಬಾಗಲು ಜಾಗವಿರುವುದಿಲ್ಲವಾದ್ದರಿಂದ, ಹೊಸ ಸೀಲು ಹಾಕಿದರೂ ಬ್ರೇಕ್ ಮತ್ತೆ ಹಿಡಿಯುತ್ತದೆ. ಮೇಸ್ತ್ರಿಗಳು ಹೆಚ್ಚು ಹೊತ್ತು ಕಳೆದದ್ದು ಈ ತೋಡಿನ ಮೇಲೆಯೇ: ಲೋಹಕ್ಕೆ ಗೀರು ಬೀಳಬಾರದೆಂದು ಮರದ ಕಡ್ಡಿಯಿಂದ ಕೆರೆದು, ಬ್ರೇಕ್ ಆಯಿಲಿನಿಂದಲೇ ತೊಳೆದರು. ಎಡಗಡೆಯ ಪಿಸ್ಟನ್ನಿನಲ್ಲಿ ಸೀಲು ಜಾರುವ ಭಾಗಕ್ಕೂ ಗುಳಿ ಬಿದ್ದಿದ್ದರಿಂದ ಅದನ್ನು ಬದಲಿಸಿದರು. ಬಲಗಡೆಯದು ಚೆನ್ನಾಗಿತ್ತು, ಉಳಿಸಿಕೊಂಡರು. ಮಾಮೂಲಿ ಗ್ರೀಸಿಗೆ ಈ ರಬ್ಬರು ಉಬ್ಬುತ್ತದೆಂದು ಪಿನ್ನುಗಳಿಗೆ ಸಿಲಿಕೋನ್ ಗ್ರೀಸನ್ನೇ ಬಳಸಿದರು.

ಒಂದು ಕೊರತೆಯನ್ನು ಹೇಳಲೇಬೇಕು. ಅವರು ಮುಂದಿನ ಎರಡು ಚಕ್ರಗಳ ಬ್ರೇಕಿನಲ್ಲಿ ಮಾತ್ರ ಆಯಿಲಿನೊಳಗೆ ಸೇರಿದ ಗಾಳಿಯನ್ನು ಹೊರಹಾಕಿ, ಹಿಂದಿನ ಚಕ್ರಗಳ ಡ್ರಮ್ ಬ್ರೇಕುಗಳ ಹಳೆಯ ಆಯಿಲನ್ನು ಹಾಗೆಯೇ ಬಿಟ್ಟಿದ್ದರು. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ತೇವ ಹೀರುತ್ತದೆ. ಹೊಸದರ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇದ್ದರೆ, ತೇವ ಸೇರಿದಾಗಿನ ಮಿತಿ 140 ಡಿಗ್ರಿ. ಬ್ರೇಕ್ ಕಾದು ಆಯಿಲ್ ಕುದಿದರೆ ಹಿಡಿತ ತಪ್ಪುವುದರಿಂದ, ಘಟ್ಟ ಇಳಿಯುವ ಗಾಡಿಗೆ ಈ ವ್ಯತ್ಯಾಸ ದೊಡ್ಡದು. ನಾನು ಕೇಳಿದ ಮೇಲೆ ಬೇಸರಿಸದೆ ನಾಲ್ಕೂ ಚಕ್ರಗಳ ಆಯಿಲ್ ಬದಲಿಸಿಕೊಟ್ಟರು. ಹೋಗುವವರು ಇದನ್ನು ಮೊದಲೇ ಹೇಳಿಬಿಡಬೇಕು, ಮತ್ತು ಪಿಸ್ಟನ್ ತರಿಸಬೇಕಾಗಿ ಬಂದರೆ ಗಾಡಿಯನ್ನು ಎರಡು ದಿನ ಅಲ್ಲೇ ಬಿಡಲು ಸಿದ್ಧರಿರಬೇಕು.

ಅದಾದ ಮೇಲೆ ದೇವಿಮನೆ ಘಟ್ಟವನ್ನು ಮೂರು ಸಲ ಇಳಿದಿದ್ದೇನೆ. ಕೆಳಗೆ ನಿಲ್ಲಿಸಿ ಮುಂದಿನ ಎರಡೂ ಚಕ್ರಗಳ ಬಳಿ ಕೈ ಹಿಡಿದರೆ ಕಾವು ಒಂದೇ ಸಮನಾಗಿದೆ.