ರೂಫ್ ಲೈನಿಂಗ್‌ನಲ್ಲಿ ಹಳದಿ ಕಲೆ ಬಂದಿದ್ದರೆ ಸ್ಟೀಮ್ ಹೊಡೆಸಬೇಡಿ

ಸನ್‌ರೂಫ್ ಇರುವ ಕಾರಿನವರು ದಯವಿಟ್ಟು ಪೂರ್ತಿ ಓದಿ. ಕಾರಿನೊಳಗೆ ತಲೆಯ ಮೇಲಿರುವ ಬಟ್ಟೆಯಲ್ಲಿ ಹಳದಿ ಕಲೆ ಕಂಡರೆ ನೇರವಾಗಿ ಇಂಟೀರಿಯರ್ ಕ್ಲೀನಿಂಗ್‌ಗೆ ಕೊಡಬೇಡಿ. ನಾನು ಕೊಟ್ಟೆ. ₹2,500ಕ್ಕೆ ಮುಗಿಯುತ್ತದೆ ಅಂದುಕೊಂಡಿದ್ದು ₹11,000ಕ್ಕೆ ಬಂದು ನಿಂತಿತು.

ನಮ್ಮೂರು ಶಿವಮೊಗ್ಗ. ಕಾರಿಗೆ ಆರು ವರ್ಷ. ಮನೆ ಮುಂದೆ ಮೇ ಫ್ಲವರ್ ಮರ, ಅದರ ಕೆಳಗೇ ಕಾರು ನಿಲ್ಲಿಸುವುದು. ಕಳೆದ ಜುಲೈನಲ್ಲಿ ವಾರವಿಡೀ ಮಳೆ ಹಿಡಿದುಕೊಂಡಿದ್ದಾಗ ಡ್ರೈವರ್ ಸೀಟಿನ ಮೇಲೆ, ಸನ್‌ರೂಫ್ ಮೂಲೆಯಲ್ಲಿ, ಅಂಗೈ ಅಗಲದ ಕಲೆ ಬಂತು. ನಡುವೆ ತೆಳು ಹಳದಿ, ಅಂಚಿಗೆ ಟೀ ಚೆಲ್ಲಿ ಒಣಗಿದ ಹಾಗೆ ಕಂದು ಗೆರೆ. ಬಾಗಿಲು ತೆಗೆದರೆ ಹಸಿ ಗೋಣಿಚೀಲದ ವಾಸನೆ. ಬೂಸ್ಟು ಹಿಡಿದಿರಬೇಕು, ತೊಳೆಸಿದರೆ ಹೋಗುತ್ತದೆ ಅಂತ ಒಂದು ಅಂಗಡಿಗೆ ಬಿಟ್ಟೆ.

"ರೂಫಿಗೂ ಸ್ಟೀಮ್ ಹೊಡೀತೀವಿ ಮೇಡಂ, ಹೊಸದರ ಥರ ಆಗುತ್ತೆ" ಅಂದರು. ನೊರೆ ಹೊಡೆದು, ಬ್ರಶ್ಶಿನಲ್ಲಿ ಗಸಗಸ ಉಜ್ಜಿ, ಮೇಲಿಂದ ಸ್ಟೀಮ್ ಕೊಟ್ಟರು. ಸಂಜೆ ನೋಡಿದರೆ ಕಲೆಯೇ ಇಲ್ಲ. ಖುಷಿಯಾಗಿ ದುಡ್ಡು ಕೊಟ್ಟು ಬಂದೆ.

ಮೂರನೇ ದಿನ ಮಳೆ ಬಿಟ್ಟು ಒಳ್ಳೆ ಬಿಸಿಲು ಬಂತು. ಸಂಜೆ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಿದ್ದೆ. ಹಿಂದೆ ಕೂತಿದ್ದ ಅಪ್ಪ "ತಲೆಗೆ ಏನೋ ತಾಗ್ತಿದೆಯಲ್ಲೇ" ಅಂದರು. ತಿರುಗಿ ನೋಡಿದರೆ ಬಟ್ಟೆ ಬಿಟ್ಟುಕೊಂಡು ಜೋಳಿಗೆ ಥರ ಜೋತುಬಿದ್ದಿದೆ! ಬೆರಳಿನಿಂದ ಮೇಲಕ್ಕೆ ಒತ್ತಿದೆ. ಒಂದು ಕ್ಷಣ ಅಂಟಿಕೊಂಡಿತು, ಮತ್ತೆ ಮೆಲ್ಲಗೆ ಇಳಿಯಿತು. ಅಪ್ಪನ ಬಿಳಿ ಅಂಗಿಯ ಭುಜದ ಮೇಲೆಲ್ಲ ಹಳದಿ ಪುಡಿ ಉದುರಿತ್ತು. ಕೊಡವಿದರೆ ಹೋಗಲಿಲ್ಲ, ಅಂಟಂಟು.

ಅಂಗಡಿಗೆ ಹೋದರೆ "ಗಮ್ ಹಳೇದಾಗಿತ್ತು ಮೇಡಂ, ನಾವೇನ್ ಮಾಡೋಕಾಗುತ್ತೆ" ಅಂದರು. ಹಳೆಯದೇ ಇರಬಹುದು. ಆದರೆ ದಿನಾ ಇದೇ ಕೆಲಸ ಮಾಡುವವರು ಸ್ಟೀಮ್ ಕೊಡುವ ಮೊದಲು ಆ ಮಾತು ಹೇಳಬೇಕಿತ್ತು ಅಲ್ವಾ? ಅದಕ್ಕೇ ನನಗೆ ಇನ್ನೂ ಸಿಟ್ಟಿದೆ.

ಕೊನೆಗೆ ಸೀಟ್ ಹೊಲಿಯುವ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಬಿಡಿಸಿ ಹೇಳಿದರು. ರೂಫ್ ಲೈನಿಂಗ್ ಅಂದರೆ ಬರೀ ಬಟ್ಟೆಯಲ್ಲ. ಬಟ್ಟೆಯ ಹಿಂದೆ ತೆಳುವಾದ ಫೋಮ್, ಅದನ್ನು ಗಟ್ಟಿ ಬೋರ್ಡಿಗೆ ಗಮ್ ಹಾಕಿ ಅಂಟಿಸಿರುತ್ತಾರೆ. ವರ್ಷಗಟ್ಟಲೆ ಬಿಸಿಲು, ತೇವ ತಿಂದು ಫೋಮ್ ಒಳಗೊಳಗೇ ಪುಡಿಯಾಗುತ್ತಾ ಇರುತ್ತದೆ. ಅಂಥದಕ್ಕೆ ನೀರು ಕುಡಿಸಿ, ಬಿಸಿ ಹಬೆ ಕೊಟ್ಟು, ಬ್ರಶ್ಶಿನಲ್ಲಿ ಎಳೆದರೆ ಉಳಿದ ಹಿಡಿತವೂ ಹೋಗುತ್ತದೆ.

"ಮೊದಲು ನೀರು ಎಲ್ಲಿಂದ ಬಂತು ಅಂತ ನೋಡಬೇಕಮ್ಮಾ" ಅಂತ ಅವರು ಸನ್‌ರೂಫ್ ತೆಗೆದು, ಸುತ್ತಲಿನ ಕಾಲುವೆಗೆ ಬಾಟಲಿಯಿಂದ ನಿಧಾನ ನೀರು ಹಾಕಿದರು. ಸನ್‌ರೂಫ್ ರಬ್ಬರು ಎಲ್ಲ ನೀರನ್ನೂ ತಡೆಯುವುದಿಲ್ಲವಂತೆ, ಸ್ವಲ್ಪ ಒಳಗೆ ಬಂದೇ ಬರುತ್ತದೆ. ಅದು ಈ ಕಾಲುವೆಗೆ ಇಳಿದು, ಮೂಲೆಗಳಲ್ಲಿರುವ ಸಣ್ಣ ಪೈಪುಗಳಲ್ಲಿ, ಕಾರಿನ ರೂಫನ್ನು ಹೊತ್ತಿರುವ ಕಂಬದೊಳಗಿಂದ ಹೊರಗೆ ಹೋಗಬೇಕು. ಎಡಗಡೆ ಹಾಕಿದ ನೀರು ಮುಂದಿನ ಚಕ್ರದ ಹಿಂದೆ ತೊಟ್ಟಿಕ್ಕಿತು. ಬಲಗಡೆಯದು ಅಲ್ಲೇ ನಿಂತಿತು. ಹುಲ್ಲು ಹೊಡೆಯುವ ಮಷಿನ್ನಿನ ನೈಲಾನ್ ದಾರವನ್ನು ಮೆಲ್ಲಗೆ ಒಳಗೆ ತೂರಿಸಿ ಆಡಿಸಿದರು. ಅದರ ತುದಿಗೆ ಅಂಟಿಕೊಂಡು ಬಂದಿದ್ದು ಮೇ ಫ್ಲವರ್ ಮರದ ಅಕ್ಕಿಕಾಳಿನಂಥ ಎಲೆಗಳು, ಕೊಳೆತು ಕಪ್ಪು ಹಿಟ್ಟಾಗಿದ್ದವು. ಅಂದರೆ ಬಟ್ಟೆ ಎಷ್ಟು ಚೆನ್ನಾಗಿ ತೊಳೆದಿದ್ದರೂ ಮುಂದಿನ ಮಳೆಗೆ ಕಲೆ ವಾಪಸ್ ಬರುತ್ತಿತ್ತು. ಈ ಪೈಪಿಗೆ ಜೋರಾಗಿ ಗಾಳಿ ಹೊಡೆಸಬೇಡಿ ಅಂತಲೂ ಹೇಳಿದರು. ಒಳಗೆ ಜಾಯಿಂಟ್ ಕಳಚಿಕೊಂಡರೆ ನೀರೆಲ್ಲ ಕಾರಿನೊಳಗೇ ಇಳಿಯುತ್ತದೆ.

ಬೋರ್ಡ್ ಇಳಿಸಿ, ಹಳೇ ಫೋಮ್ ಕೆರೆದು, ಹೊಸ ಬಟ್ಟೆ ಅಂಟಿಸಲು ₹8,500 ಆಯಿತು. ಏರ್‌ಬ್ಯಾಗ್ ಇದ್ದಕ್ಕಿದ್ದಂತೆ ಉಬ್ಬದಿರಲಿ ಅಂತ ಬ್ಯಾಟರಿ ವೈರ್ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟೇ ಅವರು ಕೆಲಸಕ್ಕೆ ಕೈ ಹಾಕಿದ್ದು. ಕರ್ಟನ್ ಏರ್‌ಬ್ಯಾಗ್ (ಅಪಘಾತವಾದಾಗ ಕಿಟಕಿಗೆ ಪರದೆ ಥರ ಇಳಿಯುವ ಗಾಳಿಚೀಲ) ಇರುವ ಕಾರಿನಲ್ಲಿ ಅದು ಬಾಗಿಲುಗಳ ಮೇಲೆ, ಇದೇ ಲೈನಿಂಗ್ ಅಂಚಿನ ಹಿಂದೆ ಮಡಚಿಕೊಂಡು ಕೂತಿರುತ್ತದೆ. ಹಾಗಾಗಿ ಜೋತುಬಿದ್ದ ಬಟ್ಟೆಗೆ ಅಂಚಿನಲ್ಲಿ ಪಿನ್ನು, ಸ್ಕ್ರೂ ಹೊಡೆದು ಕೂರಿಸುವ ಕೆಲಸ ಖಂಡಿತ ಬೇಡ.

ನೀರಿನ ಕಲೆಯಲ್ಲ, ಸುಮ್ನೆ ಕೈ ತಾಗಿದ ಕೊಳೆ ಅಂತಾದರೆ ಮನೆಯಲ್ಲೇ ಆಗುತ್ತದೆ. ಬಟ್ಟೆಗೆ ನೇರವಾಗಿ ಏನನ್ನೂ ಸ್ಪ್ರೇ ಮಾಡಬೇಡಿ. ಮೈಕ್ರೋಫೈಬರ್ ಬಟ್ಟೆಗೆ ಸ್ವಲ್ಪ ಕ್ಲೀನರ್ ಹಾಕಿ, ಮೊದಲು ಹಿಂದಿನ ಮೂಲೆಯಲ್ಲಿ ಒರೆಸಿ ನೋಡಿ, ಆಮೇಲೆ ಒಂದೇ ದಿಕ್ಕಿನಲ್ಲಿ ಹಗುರವಾಗಿ ಒರೆಸಿ. ಒತ್ತಬೇಡಿ. ನೆರಳಿನಲ್ಲಿ ಬಾಗಿಲು ತೆಗೆದಿಟ್ಟು ಫ್ಯಾನ್ ಹಾಕಿ ಒಣಗಿಸಿ. ಕೈಗೆ ಬಟ್ಟೆ ಈಗಲೇ ಮೆತ್ತಗೆ ಸಡಿಲ ಅನಿಸುತ್ತಿದ್ದರೆ ಇದೂ ಬೇಡ, ಮುಟ್ಟದೆ ಬಿಡಿ.

ಈಗ ನಾನು ಮಳೆ ಶುರುವಾಗುವ ಮೊದಲೇ ಕಾಲುವೆ ಒರೆಸಿ, ಎರಡೂ ಕಡೆ ಬಾಟಲಿ ನೀರು ಹಾಕಿ, ಕೆಳಗೆ ಬಗ್ಗಿ ತೊಟ್ಟಿಕ್ಕುತ್ತದಾ ಅಂತ ನೋಡುತ್ತೇನೆ. ಹತ್ತು ನಿಮಿಷ ಸಾಕು.