5600ಕ್ಕೆ ಹಣ ಕೊಟ್ಟೆ, ಸಿಕ್ಕಿದ್ದು 5500: ಅಸೆಂಬಲ್ಡ್ ಕಂಪ್ಯೂಟರ್ ಕೊಳ್ಳುವವರು ದಯವಿಟ್ಟು ಓದಿ

ಮೊದಲಿಗೇ ವಿಷಯ ಹೇಳಿಬಿಡುತ್ತೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಎಎಂಡಿ ರೈಜನ್ 5 5600 ಪ್ರೊಸೆಸರ್ ಹಾಕಿಕೊಡಬೇಕೆಂದು ಹೇಳಿ, ಅದರ ಬೆಲೆಯನ್ನು ಪೂರ್ತಿ ತೆತ್ತು, ಕಂಪ್ಯೂಟರ್ ಜೋಡಿಸಿಕೊಂಡು ಹಾಸನಕ್ಕೆ ತಂದೆ. ಒಳಗಿರುವುದು 5600 ಅಲ್ಲ, 5500 ಎಂಬುದು ನಾಲ್ಕನೆಯ ದಿನ ಗೊತ್ತಾಯಿತು. ಒಂದೇ ಒಂದು ಅಂಕಿಯ ವ್ಯತ್ಯಾಸ. ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ದೂರು ಇನ್ನೂ ಇತ್ಯರ್ಥವಾಗಿಲ್ಲ. ಆ ರಸ್ತೆಯಲ್ಲಿ ಪ್ರಾಮಾಣಿಕವಾಗಿ ವ್ಯಾಪಾರ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ನನ್ನ ಹಳೆಯ ಕಂಪ್ಯೂಟರನ್ನೂ ಅಲ್ಲಿಯೇ ಕೊಂಡಿದ್ದೆ, ಹತ್ತು ವರ್ಷ ದೂರಿಲ್ಲದೆ ನಡೆಯಿತು. ಅದೇ ನಂಬಿಕೆಯ ಮೇಲೆ ಈ ಸಲವೂ ಹೋದೆ.

ನಾನು ತಿಳಿಯದೆ ಹೋಗಿ ಕೊಂಡವನಲ್ಲ. ಹೆಚ್ಚು ಸಂಕಟ ಕೊಡುತ್ತಿರುವುದು ಅದೇ. ಮೂರು ವಾರ ಕುಳಿತು ಎರಡು ಪ್ರೊಸೆಸರ್‌ಗಳನ್ನು ಹೋಲಿಸಿದ್ದೆ: ಎಎಂಡಿಯ ರೈಜನ್ 5 5600 ಮತ್ತು ಇಂಟೆಲ್‌ನ ಐ5-12400ಎಫ್. ಎರಡೂ 2022ರಲ್ಲಿ ಬಂದವು, ಎರಡಕ್ಕೂ ಆರು ಕೋರ್ (ಲೆಕ್ಕ ಮಾಡುವ ಘಟಕ) ಮತ್ತು ಹನ್ನೆರಡು ಥ್ರೆಡ್ (ಒಮ್ಮೆಗೇ ನಡೆಸಬಲ್ಲ ಕೆಲಸದ ಸಾಲು), ಎರಡರ ಗರಿಷ್ಠ ವೇಗವೂ 4.4 ಗಿಗಾಹರ್ಟ್ಸ್, ಎರಡರಲ್ಲಿಯೂ ಒಳಗೆ ಗ್ರಾಫಿಕ್ಸ್ ಇಲ್ಲವಾದ್ದರಿಂದ ಬೇರೆ ಕಾರ್ಡ್ ಹಾಕಲೇಬೇಕು. ಮನೆಯಲ್ಲಿ ನಾನು ಸಂಜೆ ಲೆಕ್ಕಪತ್ರದ ಕೆಲಸ ಮಾಡುತ್ತೇನೆ, ಪಿಯುಸಿ ಓದುತ್ತಿರುವ ಮಗ ರಜೆಯಲ್ಲಿ ವ್ಯಾಲೊರಂಟ್ ಮತ್ತು ಕೌಂಟರ್ ಸ್ಟ್ರೈಕ್ ಆಡುತ್ತಾನೆ. ಲೆಕ್ಕಪತ್ರಕ್ಕೆ ಯಾವುದಾದರೂ ಸಾಕಿತ್ತು. ಗೇಮ್‌ಗಳ ವಿಷಯದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಎಲ್3 ಕ್ಯಾಶ್ (ಪ್ರೊಸೆಸರ್ ಒಳಗೇ ಇರುವ ಅತಿವೇಗದ ಸಣ್ಣ ಮೆಮೊರಿ) ಮಾತ್ರ 12400ಎಫ್‌ನಲ್ಲಿ 18 ಎಂಬಿ, 5600ರಲ್ಲಿ 32 ಎಂಬಿ. ಮುಂದೆ ಕೈಯಲ್ಲಿ ಹಣ ಆದಾಗ ಅದೇ ಎಎಂ4 (ಎಎಂಡಿ ಪ್ರೊಸೆಸರ್ ಕೂರುವ ಸಾಕೆಟ್‌ನ ಹೆಸರು) ಮದರ್‌ಬೋರ್ಡಿಗೆ 96 ಎಂಬಿ ಕ್ಯಾಶ್ ಇರುವ 5800ಎಕ್ಸ್3ಡಿಯಂಥ ಪ್ರೊಸೆಸರನ್ನು ಸೆಕೆಂಡ್ ಹ್ಯಾಂಡ್‌ನಲ್ಲಾದರೂ ಕೂರಿಸಬಹುದೆಂಬ ಆಸೆಯೂ ಸೇರಿ, ನೋಟ್‌ಬುಕ್ಕಿನಲ್ಲಿ 5600ರ ಮುಂದಿದ್ದ "32"ಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ತೀರ್ಮಾನ ಮಾಡಿದೆ.

ನನ್ನ ಹೋಲಿಕೆಯಲ್ಲಿ 5500 ಎಂಬುದು ಇರಲೇ ಇಲ್ಲ. ಯಾಕೆ ಇರಲಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅಂಗಡಿಯವರು ನಿಮ್ಮನ್ನು ಒಪ್ಪಿಸಲು ನೋಡುವುದು ಇಲ್ಲಿಯೇ. 5500 ಮತ್ತು 5600 ಒಂದೇ ದಿನ, 2022ರ ಏಪ್ರಿಲ್ 4ರಂದು ಮಾರುಕಟ್ಟೆಗೆ ಬಂದವು. ಹೆಸರು ನೋಡಿದರೆ ಅಣ್ಣ ತಮ್ಮಂದಿರಂತೆ ಕಾಣುತ್ತವೆ. ಆದರೆ 5500ರ ಒಳಗಿರುವುದು ಬೇರೆಯೇ ಚಿಪ್. ಗ್ರಾಫಿಕ್ಸ್ ಸಮೇತ ಬರುವ ಪ್ರೊಸೆಸರ್‌ಗಳಿಗೆಂದು ಮಾಡಿದ್ದನ್ನೇ ಗ್ರಾಫಿಕ್ಸ್ ಭಾಗ ನಿಷ್ಕ್ರಿಯಗೊಳಿಸಿ ಮಾರುತ್ತಾರೆ. ಅದರ ಎಲ್3 ಕ್ಯಾಶ್ 16 ಎಂಬಿ, ಅಂದರೆ ಸರಿಯಾಗಿ ಅರ್ಧ. ಮಗ ಆಡುವಂಥ, ಪ್ರೊಸೆಸರ್ ಮೇಲೆಯೇ ಭಾರ ಬೀಳುವ ಗೇಮ್‌ಗಳಲ್ಲಿ ಬೆಲೆ ಬರುವುದು ಆ ಕ್ಯಾಶ್‌ಗೇ. ಇನ್ನೊಂದು, 5500 ಪಿಸಿಐಇ (ಗ್ರಾಫಿಕ್ಸ್ ಕಾರ್ಡ್, ಎಸ್ಎಸ್‌ಡಿಗಳಿಗೂ ಪ್ರೊಸೆಸರಿಗೂ ನಡುವಿನ ಡೇಟಾ ದಾರಿ) 3.0ಕ್ಕೇ ನಿಂತುಬಿಡುತ್ತದೆ, 5600 ಆದರೆ 4.0. ನಾನು ಬಿ450 ಬೋರ್ಡ್ ಬಿಟ್ಟು ಬಿ550 ಬೋರ್ಡಿಗೆ ಹೆಚ್ಚು ಹಣ ಕೊಟ್ಟದ್ದೇ ಆ 4.0ಕ್ಕಾಗಿ, ಅದೇ ಕಾರಣಕ್ಕೆ ಪಿಸಿಐಇ 4.0ರ (ಜೆನ್ 4) ಎಸ್ಎಸ್‌ಡಿಗೂ ಹೆಚ್ಚು ಕೊಟ್ಟೆ. ಪ್ರೊಸೆಸರ್ ಬದಲಾದ ಕೂಡಲೇ ಈ ಎರಡರ ಮೇಲೆ ಹಾಕಿದ ಹೆಚ್ಚಿನ ಹಣವೂ ನೀರಿನಲ್ಲಿ ಹೋಯಿತು. ನನ್ನ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಆ ದಾರಿಯ ಎಂಟು ಲೇನ್ ಬಳಸುವುದರಿಂದ ನಷ್ಟ ಕಡಿಮೆ. ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ನಾಲ್ಕೇ ಲೇನ್‌ಗಳ ಕಾರ್ಡ್ ಇದ್ದವರಿಗೆ ಇದೇ ಮೋಸವಾದರೆ ಪೆಟ್ಟು ಇನ್ನೂ ಜೋರಾಗಿ ಬೀಳುತ್ತದೆ.

5500 ಕೆಟ್ಟ ಪ್ರೊಸೆಸರ್ ಎಂದು ನಾನು ಹೇಳುತ್ತಿಲ್ಲ. ಅದರ ಬೆಲೆಗೆ ಅದು ಸರಿಯೇ. ಬಿಡುಗಡೆಯ ಹೊತ್ತಿನಲ್ಲಿಯೇ 5500ಕ್ಕೆ 159 ಡಾಲರ್, 5600ಕ್ಕೆ 199 ಡಾಲರ್ ಇತ್ತು. ನಾನು ಹೋದ ದಿನ ಅದೇ ರಸ್ತೆಯಲ್ಲಿ ಎರಡರ ನಡುವೆ ಸುಮಾರು ಮೂರು ಸಾವಿರ ರೂಪಾಯಿಗಳ ಅಂತರವಿತ್ತು. ನನ್ನಿಂದ ತೆಗೆದುಕೊಂಡದ್ದು 5600ರ ಬೆಲೆ. ಕೊಟ್ಟದ್ದು 5500.

ಆ ದಿನ ನಡೆದದ್ದು ಹೀಗೆ. ವಾಟ್ಸ್ಆ್ಯಪ್‌ನಲ್ಲಿ ಅವರು ಮೊದಲೇ ಕೊಟೇಶನ್ ಕಳಿಸಿದ್ದರು, ಅದರಲ್ಲಿ 5600 ಎಂದು ಸ್ಪಷ್ಟವಾಗಿಯೇ ಇತ್ತು. ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಹಣ ಕಟ್ಟಿದೆ. ಬೋರ್ಡ್, ರ‍್ಯಾಮ್, ಕಾರ್ಡ್, ಎಸ್ಎಸ್‌ಡಿ, ಎಲ್ಲದರ ಡಬ್ಬಿಗಳನ್ನೂ ಮೇಜಿನ ಮೇಲೆ ಒಂದೊಂದಾಗಿ ತೋರಿಸಿದರು. ಪ್ರೊಸೆಸರ್ ಎಲ್ಲಿ ಎಂದು ಕೇಳಿದಾಗ, "ಗೋಡೌನ್‌ನಿಂದ ಹುಡುಗ ತರ್ತಾ ಇದ್ದಾನೆ ಸರ್, ಅಸೆಂಬ್ಲಿ ಮೇಲ್ಗಡೆ ಮಹಡೀಲಿ. ನೀವು ಊಟ ಮುಗಿಸ್ಕೊಂಡು ಬನ್ನಿ, ರೆಡಿ ಇರುತ್ತೆ" ಎಂದರು. ನಾನು ಹೋದೆ. ನಾನು ಆ ಅಂಗಡಿಯಿಂದ ಹೊರಗೆ ಕಾಲಿಟ್ಟ ಕ್ಷಣವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಹಿಂತಿರುಗುವಷ್ಟರಲ್ಲಿ ಕ್ಯಾಬಿನೆಟ್ಟಿನ ಗಾಜು ಮುಚ್ಚಿ, ಫ್ಯಾನ್‌ಗಳ ಬಣ್ಣದ ದೀಪ ಹೊತ್ತಿಸಿ, ಪರದೆಯ ಮೇಲೆ ಒಂದು ಗೇಮ್ ಓಡಿಸಿ ಇಟ್ಟಿದ್ದರು. ಮುಂಭಾಗದಲ್ಲಿ "ರೈಜನ್ 5" ಎಂಬ ಸ್ಟಿಕ್ಕರ್. ಅಷ್ಟೇ, ಮುಂದಿನ ಅಂಕಿಗಳಿಲ್ಲ. ಬಿಲ್ಲಿನಲ್ಲಿ ಬಿಡಿಭಾಗಗಳ ಹೆಸರೇ ಇಲ್ಲ, "ಅಸೆಂಬಲ್ಡ್ ಸಿಪಿಯು – 1" ಎಂಬ ಒಂದೇ ಸಾಲು. ಪ್ರತಿಯೊಂದನ್ನೂ ಬೇರೆ ಬೇರೆ ಬರೆಯಿರಿ ಎಂದೆ. "ಸಿಸ್ಟಮ್‌ಗೆಲ್ಲ ನಾವು ಹೀಗೇ ಬಿಲ್ ಹಾಕೋದು ಸರ್, ವಾರಂಟಿ ನಮ್ಮದೇ" ಎಂದರು. ಮೂರೂವರೆ ಆಗಿತ್ತು, ಬಸ್ಸಿಗೆ ಹೊತ್ತಾಗುತ್ತಿತ್ತು. ಸಹಿ ಹಾಕಿ ಎತ್ತಿಕೊಂಡು ಬಂದೆ. ಸಹಕಾರ ಸಂಘದಲ್ಲಿ ಇಪ್ಪತ್ತೆರಡು ವರ್ಷ ಬೇರೆಯವರ ಬಿಲ್ಲುಗಳನ್ನು ತಿದ್ದಿದ ಕೈ ಇದು. ಆ ಬಿಲ್ಲಿಗೆ ಸಹಿ ಹಾಕಿದ್ದು ನಾನೇ ಎಂದು ಸಹೋದ್ಯೋಗಿಗಳಿಗೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನಾಲ್ಕನೆಯ ದಿನ ರಾತ್ರಿ ಊಟವಾದ ಮೇಲೆ ಮಗ ಟಾಸ್ಕ್ ಮ್ಯಾನೇಜರ್ ತೆರೆದು ರ‍್ಯಾಮ್ ಎಷ್ಟು ಬಳಕೆಯಾಗುತ್ತಿದೆ ಎಂದು ನೋಡುತ್ತಿದ್ದ. ಪಕ್ಕದಲ್ಲಿ ನಿಂತಿದ್ದ ನಾನು ಸಿಪಿಯು ಪುಟವನ್ನೂ ಒಮ್ಮೆ ತೋರಿಸು ಎಂದೆ. ಕೆಳಗಡೆ ಬಲಭಾಗದಲ್ಲಿ, ಎಲ್3 ಕ್ಯಾಶ್‌ನ ಎದುರು, 16.0 ಎಂಬಿ ಎಂದಿತ್ತು. ಕೆಂಪು ಸುತ್ತು ಹಾಕಿದ್ದ 32 ತಟ್ಟನೆ ಕಣ್ಣ ಮುಂದೆ ಬಂತು. ಮಗ ಮೇಲಿನ ಮೂಲೆಗೆ ಬೆರಳಿಟ್ಟು, "ಅಪ್ಪಾ, ಇಲ್ಲಿ 5500 ಅಂತ ಇದೆಯಲ್ಲ" ಎಂದ. ನಾಲ್ಕು ದಿನದಿಂದ ನಮ್ಮ ಮನೆಯ ಪರದೆಯ ಮೇಲೆಯೇ ಇದ್ದ ಅಕ್ಷರಗಳು. ಅವನು ಇನ್ನೇನೂ ಹೇಳಲಿಲ್ಲ, ನನಗೂ ಏನು ಹೇಳಬೇಕೆಂದು ತೋಚಲಿಲ್ಲ.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಫೋನ್ ಮಾಡಿದೆ. ಅವರು ಕೊಟ್ಟ ಉತ್ತರಗಳನ್ನು ಬಂದ ಕ್ರಮದಲ್ಲಿಯೇ ಬರೆಯುತ್ತೇನೆ, ಏಕೆಂದರೆ ಪ್ರತಿಯೊಂದು ಉತ್ತರವೂ ಅದರ ಹಿಂದಿನದನ್ನು ಸುಳ್ಳು ಮಾಡುತ್ತದೆ.

ಮೊದಲ ಉತ್ತರ: "ವಿಂಡೋಸ್ ತಪ್ಪು ತೋರಿಸ್ತಾ ಇದೆ ಸರ್, ಬಯಾಸ್ ಅಪ್‌ಡೇಟ್ ಮಾಡಿದ್ರೆ ಸರಿ ಹೋಗುತ್ತೆ." ಬಯಾಸ್ ಎಂದರೆ ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ. ಆಯಿತು ಎಂದು ಹಾಸನದಲ್ಲಿ ರಿಪೇರಿ ಮಾಡುವ ಪರಿಚಯದ ಹುಡುಗನನ್ನು ಮನೆಗೆ ಕರೆಸಿದೆ. ಅವನು ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ, ಪ್ರೊಸೆಸರಿಗೂ ಅದನ್ನು ತಂಪಾಗಿಡುವ ಕೂಲರಿಗೂ ನಡುವೆ ಹಚ್ಚಿದ ಪೇಸ್ಟ್ ಬಿಸಿಯಾದ ಮೇಲೆ ನಿಲ್ಲಿಸಿ, ಕೂಲರಿನ ನಾಲ್ಕು ಸ್ಕ್ರೂ ಬಿಚ್ಚಿ, ಕೂಲರನ್ನು ಅತ್ತಿತ್ತ ನಿಧಾನವಾಗಿ ತಿರುಗಿಸಿ ಎತ್ತಿದ. ಹಾಗೆ ಮಾಡದೆ ಎಳೆದರೆ ಎಎಂ4 ಪ್ರೊಸೆಸರ್ ಕೂಲರಿಗೆ ಅಂಟಿಕೊಂಡೇ ಬಂದು, ಕೆಳಗಿನ ಪಿನ್ನುಗಳು ಬಾಗುವ ಅಪಾಯವಿದೆಯಂತೆ. ಬೂದು ಬಣ್ಣದ ಪೇಸ್ಟನ್ನು ಬಟ್ಟೆಯಿಂದ ಒರೆಸಿದಾಗ ಲೋಹದ ಮೇಲೆ ಕೆತ್ತಿದ ಅಕ್ಷರಗಳು ಕಂಡವು: ಎಎಂಡಿ ರೈಜನ್ 5 5500. ಯಾವ ಬಯಾಸ್ ಅಪ್‌ಡೇಟ್ ಕೂಡ ಲೋಹದ ಮೇಲಿನ ಕೆತ್ತನೆಯನ್ನು ತಿದ್ದಲಾರದು. ಫೋಟೊ ತೆಗೆದು ಕಳಿಸಿದೆ.

ಎರಡನೆಯ ಉತ್ತರ ಮಾಲೀಕರಿಂದಲೇ ಬಂತು: "ಎರಡೂ ಒಂದೇ ಸರ್. ಆರು ಕೋರ್, ಹನ್ನೆರಡು ಥ್ರೆಡ್. ನೀವು ಕೇಳಿದ್ದು 3.5 ಗಿಗಾಹರ್ಟ್ಸ್‌ದು, ನಾವು ಕೊಟ್ಟಿರೋದು 3.6, ನಿಮಗೇ ಲಾಭ." ಈ ಮಾತನ್ನು ಗಮನಿಸಿ. ಅಂಕಿ ಸುಳ್ಳಲ್ಲ; 5600ರ ಆರಂಭಿಕ ವೇಗ 3.5, 5500ರದ್ದು 3.6. ಆದರೆ ಗೇಮ್ ಆಡುವಾಗ ಪ್ರೊಸೆಸರ್ ಆರಂಭಿಕ ವೇಗದಲ್ಲಿ ಓಡುವುದಿಲ್ಲ, ಬೂಸ್ಟ್‌ನಲ್ಲಿ, ಅಂದರೆ ಭಾರ ಬಿದ್ದಾಗ ಏರುವ ವೇಗದಲ್ಲಿ, ಓಡುತ್ತದೆ, ಅಲ್ಲಿ 5600 4.4ರವರೆಗೆ ಹೋದರೆ 5500 4.2ಕ್ಕೆ ನಿಲ್ಲುತ್ತದೆ. ಕ್ಯಾಶ್ ಬಗ್ಗೆ ಕೇಳಿದೆ. "ಅದೆಲ್ಲ ಪೇಪರ್ ಮೇಲೆ ಸರ್" ಎಂದರು. ಪೇಪರ್ ಮೇಲೆ ಎನ್ನುವುದಾದರೆ ಆ ಮೂರು ಸಾವಿರವನ್ನು ಯಾಕೆ ತೆಗೆದುಕೊಂಡಿರಿ ಎಂದು ಕೇಳಿದ್ದಕ್ಕೆ ಫೋನ್ ಕಟ್ ಆಯಿತು.

ಶನಿವಾರ ರಜೆ ಹಾಕಿ ನಾನೇ ಹೋದೆ. ಅಲ್ಲಿ ಮೂರನೆಯ ಉತ್ತರ: "ಅವತ್ತು 5600 ಸ್ಟಾಕ್ ಇರ್ಲಿಲ್ಲ, ನಿಮಗೆ ಹೇಳೇ ಹಾಕಿದ್ದು." ಯಾರು ಹೇಳಿದರು, ಯಾವಾಗ ಹೇಳಿದರು ಎಂದರೆ, ಹೇಳಿದ ಹುಡುಗ ಕೆಲಸ ಬಿಟ್ಟಿದ್ದಾನಂತೆ. ಹಾಗಾದರೆ ಹಿಂದಕ್ಕೆ ತೆಗೆದುಕೊಳ್ಳಿ ಎಂದೆ. ನಾಲ್ಕನೆಯ ಉತ್ತರ: "ಸೀಲ್ ಒಡೆದ ಐಟಂ ವಾಪಸ್ ತಗೊಳಲ್ಲ." ಸೀಲ್ ಇದ್ದ ಡಬ್ಬಿಯನ್ನು ನನಗೆ ತೋರಿಸಿಯೇ ಇಲ್ಲವಲ್ಲ, ಆ ಡಬ್ಬಿ ಕೊಡಿ ಎಂದೆ. ಐದನೆಯ ಉತ್ತರ: "ಅದು ಟ್ರೇ ಐಟಂ, ಅದಕ್ಕೆ ಬಾಕ್ಸೇ ಬರಲ್ಲ." ಒಂದೇ ನಿಮಿಷದಲ್ಲಿ, ಅದೇ ಮೇಜಿನ ಹಿಂದೆ ನಿಂತು, ಒಡೆದ ಸೀಲ್ ಬಗ್ಗೆ ಮಾತನಾಡಿದ ಮನುಷ್ಯ ಡಬ್ಬಿಯೇ ಇರಲಿಲ್ಲ ಎಂದರು. ಟ್ರೇ ಐಟಂ ಎಂದರೆ ಏನೆಂದು ಗೊತ್ತಿರಲಿ: ಡಬ್ಬಿಯಲ್ಲಿ ಬರುವ ಪ್ರೊಸೆಸರ್‌ಗೆ ಎಎಂಡಿ ಕಂಪನಿಯೇ ಮೂರು ವರ್ಷದ ವಾರಂಟಿ ಕೊಡುತ್ತದೆ, ಟ್ರೇಯಲ್ಲಿ ಬಂದದ್ದಕ್ಕೆ ಕಂಪನಿ ನಮಗೆ ನೇರವಾಗಿ ಉತ್ತರ ಕೊಡುವುದಿಲ್ಲ, ಮಾರಿದವರನ್ನೇ ಕೇಳಬೇಕು. ಮಾರಿದವರು ಇವರು. ಇವರು ಕೊಡುವುದು ಒಂದು ವರ್ಷವಂತೆ, ಅದೂ ಬಾಯಿಮಾತು.

ಅಕ್ಕಪಕ್ಕ ಇಬ್ಬರು ಗ್ರಾಹಕರು ನಿಂತು ಕೇಳಿಸಿಕೊಳ್ಳುತ್ತಿದ್ದರು. ಮಾಲೀಕರು ದನಿ ತಗ್ಗಿಸಿ, "ಒಂದು ವೈಫೈ ಡಾಂಗಲ್, ಮೌಸ್ ಪ್ಯಾಡ್ ಕೊಡ್ತೀನಿ, ಇಲ್ಲಿಗೆ ಬಿಟ್ಟುಬಿಡಿ ಸರ್" ಎಂದರು. ನನಗೆ ಮೋಸವಾಯಿತೆಂಬುದಕ್ಕಿಂತ ಆ ಮಾತು ಹೆಚ್ಚು ಚುಚ್ಚಿತು. ಕೊನೆಗೆ ಹೇಳಿದ್ದು: 5500 ಅನ್ನು ಸೆಕೆಂಡ್ ಹ್ಯಾಂಡ್ ಬೆಲೆಗೆ ತೆಗೆದುಕೊಳ್ಳುತ್ತಾರಂತೆ, 5600ಕ್ಕೆ ನಾನು ಇನ್ನೊಮ್ಮೆ ಪೂರ್ತಿ ಹಣ ಕೊಡಬೇಕಂತೆ. ಒಮ್ಮೆ ಕೊಟ್ಟ ಹಣವನ್ನೇ ಮತ್ತೊಮ್ಮೆ ಕೊಡಬೇಕು! ಒಪ್ಪಲಿಲ್ಲ, ಎದ್ದು ಬಂದೆ.

ಹೋಗುವವರಿಗೆ ನಾನು ಹೇಳುವುದು ಇಷ್ಟು. ಪ್ರೊಸೆಸರ್ ಡಬ್ಬಿಯನ್ನು ನಿಮ್ಮ ಕೈಯಲ್ಲಿ ಹಿಡಿದು, ಸೀಲ್ ನೋಡಿ, ನಿಮ್ಮ ಕಣ್ಣೆದುರೇ ಒಡೆಸಿ, ಬೋರ್ಡಿನಲ್ಲಿ ಕೂರಿಸುವವರೆಗೂ ಅಲ್ಲಿಂದ ಕದಲಬೇಡಿ. ಯಾರೇ ಊಟಕ್ಕೆ ಹೋಗಿ ಎಂದರೂ ಹೋಗಬೇಡಿ. ಎಎಂಡಿ ಡಬ್ಬಿಯ ಮೇಲಿನ ಸಂಖ್ಯೆಯಲ್ಲಿ 5600ಕ್ಕೆ 100-100000927 ಎಂದಿರುತ್ತದೆ, 5500ಕ್ಕೆ 100-100000457. ಖಾಲಿ ಡಬ್ಬಿಯನ್ನು ಮನೆಗೆ ತನ್ನಿ. ಬಿಲ್ಲಿನಲ್ಲಿ ಪ್ರತಿ ಭಾಗದ ಹೆಸರು ಮತ್ತು ಸೀರಿಯಲ್ ನಂಬರ್ ಬರೆಯದಿದ್ದರೆ ಹಣ ಕೊಡಬೇಡಿ, ಬಸ್ ತಪ್ಪಿದರೆ ಇನ್ನೊಂದು ಬಸ್ ಇದೆ. ಗೇಮ್ ಓಡಿಸಿ ತೋರಿಸಿದರೆ ಅದನ್ನು ಮುಚ್ಚಿಸಿ ಟಾಸ್ಕ್ ಮ್ಯಾನೇಜರ್ ತೆರೆಸಿ, ಹೆಸರನ್ನೂ ಎಲ್3 ಕ್ಯಾಶ್ ಅನ್ನೂ ಓದಿ. "ಆರು ಕೋರ್, ಹನ್ನೆರಡು ಥ್ರೆಡ್, ಎರಡೂ ಒಂದೇ" ಎಂಬ ಮಾತು ಕೇಳಿಸಿದ ಕೂಡಲೇ ಅಲ್ಲಿಂದ ಹೊರಡಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಕೊಟೇಶನ್ನಿನ ವಾಟ್ಸ್ಆ್ಯಪ್ ಸಂದೇಶ, ಹಣ ಹೋದ ಯುಪಿಐ ದಾಖಲೆ, ಒಂದೇ ಸಾಲಿನ ಆ ಬಿಲ್ಲು, ಕೂಲರ್ ತೆಗೆದಾಗಿನ ಫೋಟೊ, ನಾಲ್ಕನ್ನೂ ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ಇಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ದೂರು ಕೊಟ್ಟ ಮರುದಿನ ಅಂಗಡಿಯವರು ಆ ಕೊಟೇಶನ್ ಸಂದೇಶವನ್ನು ಅಳಿಸಲು ನೋಡಿದ್ದಾರೋ ಏನೋ, ಅವರ ಕಡೆಯಿಂದ ಬೇರೆ ಎರಡು ಸಂದೇಶಗಳು ಅಳಿಸಿದ ಗುರುತು ಕಾಣುತ್ತಿದೆ. ಕೊಟೇಶನ್ ಮಾತ್ರ ಹಾಗೆಯೇ ಇದೆ, ಅದರ ಸ್ಕ್ರೀನ್‌ಶಾಟ್ ತೆಗೆದು ಮಗನ ಫೋನಿಗೂ ಕಳಿಸಿದ್ದೇನೆ.